ಕತ್ತರಿಸಿ ಬಿಟ್ಟ ಅಂಚು

ನಾಲ್ಕನೆಯ ಫೋಟೋ ತೆರೆದುಕೊಂಡಾಗ ಅದರ ಆಕಾರದಲ್ಲೇ ಏನೋ ತಪ್ಪಿದೆ ಎಂದು ಐಶ್ವರ್ಯಳಿಗೆ ಅನ್ನಿಸಿತು.

ಮೊದಲಿನ ಮೂರೂ ಅಗಲವಾಗಿದ್ದವು. ಹಾಲ್, ಅಡುಗೆಮನೆ, ಮಲಗುವ ಕೋಣೆ. ಇದು ತಾರಸಿಯದು, ಹೆಚ್ಚೂ ಕಡಿಮೆ ಚೌಕವಾಗಿತ್ತು.

"ಇದನ್ನ ಯಾರೋ ಕತ್ತರಿಸಿದಾರೆ ಸಾರ್," ಎಂದಳು.

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚಿದಾನಂದ್ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ಜಯನಗರದಲ್ಲಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆ ಹಿಡಿದು ಖಾಸಗಿ ಪತ್ತೇದಾರಿಕೆ ಮಾಡುತ್ತಿದ್ದವರು ಅವರು. ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು ಐಶ್ವರ್ಯಳ ತಂದೆ ರೇವಣಸಿದ್ದಪ್ಪ. ಅಳಿಯ ಕಾಲು ಜಾರಿ ಸತ್ತ ಎಂಬ ಮಾತನ್ನು ಅವರು ಒಪ್ಪಿರಲಿಲ್ಲ.

ತಾನು ಒಪ್ಪಿದ್ದೇನೋ ಇಲ್ಲವೋ ಐಶ್ವರ್ಯಳಿಗೇ ತಿಳಿಯದು. ಇಟ್ಟಮಡುವಿನ ಬೈರಣ್ಣನವರ ಮನೆಯ ತಾರಸಿಯಲ್ಲಿ, ಪ್ಯಾರಾಪೆಟ್ ಗೋಡೆ ಒಡೆದು ಹಾಕಿದ್ದ ಕಡೆ, ಚೈತನ್ಯ ಫೋಟೋ ತೆಗೆಯುತ್ತಾ ಹಿಂದಕ್ಕೆ ಹೆಜ್ಜೆಯಿಟ್ಟು ಕೆಳಗೆ ಬಿದ್ದನೆಂದು ಪೊಲೀಸರು ಬರೆದು ಮುಗಿಸಿದ್ದರು. ಅವಳು ಅವರು ತೋರಿಸಿದ ಕಡೆ ಸಹಿ ಹಾಕಿ ಬಂದಿದ್ದಳು.

ಗಂಡ ಹೆಂಡತಿ ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದು. ಮಹೇಶ್ ಎಂಬುವನು ಬಾಡಿಗೆಗೆ, ಭೋಗ್ಯಕ್ಕೆ ಇರುವ ಮನೆಗಳ ವೆಬ್‌ಸೈಟ್ ನಡೆಸುತ್ತಿದ್ದ. ಮನೆಮನೆಗೆ ಹೋಗಿ ಫೋಟೋ ತೆಗೆಯುವುದು ಚೈತನ್ಯನ ಪಾಲು. ಅವನ್ನು ವೆಬ್‌ಪುಟಕ್ಕೆ ತಕ್ಕಂತೆ ಸಣ್ಣದು ಮಾಡಿ ಕಳಿಸುವುದು ಇವಳ ಪಾಲು. ಕ್ಯಾಮರಾದಿಂದ ಬಂದ ಫೋಟೋ ಗೋಡೆಗೆ ಅಂಟಿಸುವಷ್ಟು ದೊಡ್ಡದಿರುತ್ತದೆ. ಅದನ್ನು ಹಾಗೆಯೇ ಏರಿಸಿದರೆ ಮೊಬೈಲಿನಲ್ಲಿ ಮನೆ ಹುಡುಕುವವನಿಗೆ ಪುಟ ತೆರೆಯುವುದೇ ಇಲ್ಲ. ಆದ್ದರಿಂದ ಅಗಲ ಇಳಿಸಬೇಕು, ತೂಕ ಇಳಿಸಬೇಕು, ಬಣ್ಣ ಕೆಡದಂತೆ ನೋಡಿಕೊಂಡು ಎಕ್ಸ್‌ಪೋರ್ಟ್ ಮಾಡಬೇಕು.

ಚೈತನ್ಯ ಹೋದ ಮೇಲೂ ಅವಳು ಆ ಕೆಲಸ ಬಿಟ್ಟಿರಲಿಲ್ಲ. ಮಹೇಶ್ ಬೇರೆ ಯಾರನ್ನೋ ಹಿಡಿದು ಫೋಟೋ ತೆಗೆಸುತ್ತಿದ್ದ, ಇವಳಿಗೆ ಕಳಿಸುತ್ತಿದ್ದ. ಇವಳು ಬೆಳಗ್ಗೆ ಎದ್ದು ಪದ್ಮನಾಭನಗರದ ಆ ಎರಡು ಕೋಣೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಯಾರದೋ ಅಡುಗೆಮನೆ, ಯಾರದೋ ಬಚ್ಚಲು, ಯಾರದೋ ಬಾಲ್ಕನಿ ಒಂದೊಂದಾಗಿ ಸಣ್ಣದಾಗುತ್ತಿದ್ದವು. ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಎದುರುಮನೆಯ ಟ್ಯೂಷನ್ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಅದು ನಿಂತಾಗ ಮಧ್ಯಾಹ್ನವಾಯಿತೆಂದು ತಿಳಿದು ಏನಾದರೂ ತಿನ್ನುತ್ತಿದ್ದಳು. ಏನು ತಿಂದೆ ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಎದ್ದು ಹೋಗಿ ಪಾತ್ರೆ ನೋಡಿ ಬಂದು ಹೇಳುತ್ತಿದ್ದಳು.

ನಿನ್ನೆ ಮಹೇಶ್ ಫೋನು ಮಾಡಿ, ಯಾರೋ ಮಾಲೀಕರು ತಾವೇ ಹೊಸ ಲಿಸ್ಟಿಂಗ್ ಹಾಕಿದ್ದಾರೆ, ಫೋಟೋ ಒಂದೊಂದೂ ಮಣಭಾರ, ಪುಟ ಏಳುತ್ತಲೇ ಇಲ್ಲ, ಸ್ವಲ್ಪ ರೀಸೈಜ್ ಮಾಡಿ ಕೊಡಿ ಎಂದಿದ್ದ. ಅವನ ಸೈಟು ಏರಿಸಿದ ಫೋಟೋವನ್ನು ಮುಟ್ಟದೆ ಹಾಗೆಯೇ ಇಡುತ್ತಿತ್ತು. ಅವಳು ಇಳಿಸಿಕೊಂಡು ಮೊದಲನೆಯದನ್ನು ತೆರೆದಳು.

ಬಾಗಿಲ ಚಿಲಕದ ಎತ್ತರಕ್ಕೆ ಕ್ಯಾಮರಾ ತಗ್ಗಿಸಿ, ಗೋಡೆಯ ಮೂಲೆಗಳು ನೆಟ್ಟಗೆ ಕಾಣುವಂತೆ ತೆಗೆದ ಫೋಟೋ. ಪರದೆ ಅರ್ಧ ಸರಿಸಿದ್ದು. ಅದು ಯಾರ ಕೈಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ವಿಳಾಸ ನೋಡಿದಳು. ಇಟ್ಟಮಡು. ಎದೆ ಹೊಡೆದುಕೊಳ್ಳಬಹುದೆಂದು ಕಾದಳು. ಏನೂ ಆಗಲಿಲ್ಲ. ಚಿದಾನಂದ್ ಅವರಿಗೆ ಫೋನು ಮಾಡಿ ಬಟ್ಟೆ ಒಣಗಿಸಲು ಹೋದಳು.

"ಅವನ ಫೋಟೋ ಅಂತ ನಿನಗೆ ಗೊತ್ತು ಕಣಮ್ಮ," ಚಿದಾನಂದ್ ಈಗ ನಿಧಾನವಾಗಿ ಹೇಳಿದರು. "ನಾನು ಇನ್ನೊಬ್ಬರಿಗೆ ತೋರಿಸೋಕೆ ಏನಿದೆ?"

ಪ್ರತಿ ಫೋಟೋದ ಒಳಗೂ ಕ್ಯಾಮರಾ ಒಂದಷ್ಟು ವಿವರ ಸೇರಿಸಿರುತ್ತದೆ ಎಂದು ಅವಳು ವಿವರಿಸಿದಳು. ಯಾವತ್ತು ತೆಗೆದದ್ದು, ಯಾವ ಕ್ಯಾಮರಾ, ಅದರ ನಂಬರೇನು. ವೆಬ್‌ಗೆ ಕಳಿಸುವಾಗ ತಾನು ಅದನ್ನೆಲ್ಲ ಅಳಿಸಿಯೇ ಕಳಿಸುವುದು. ಇದನ್ನು ಏರಿಸಿದವರಿಗೆ ಅದು ಗೊತ್ತಿಲ್ಲ, ಎಲ್ಲ ಹಾಗೇ ಇದೆ. ಅಟ್ಟದಿಂದ ಚೈತನ್ಯನ ಕ್ಯಾಮರಾದ ಖಾಲಿ ಡಬ್ಬಿ ತೆಗೆದು ತಂದಳು. ಡಬ್ಬಿಯ ಮೇಲಿನ ನಂಬರು, ಪರದೆಯ ಮೇಲಿನ ನಂಬರು ಒಂದೇ. ತಾರೀಖು ಅವನು ಸತ್ತ ದಿನದ್ದು.

ಹೆಣದ ಪಕ್ಕ ಒಡೆದ ಕ್ಯಾಮರಾ ಸಿಕ್ಕಿತ್ತು. ಒಳಗಿನ ಮೆಮೊರಿ ಕಾರ್ಡ್ ಸಿಕ್ಕಿರಲಿಲ್ಲ. ಬಿದ್ದ ರಭಸಕ್ಕೆ ಎಲ್ಲೋ ಹಾರಿ ಮೋರಿ ಸೇರಿರಬೇಕೆಂದು ಪೊಲೀಸರು ಅಂದುಕೊಂಡಿದ್ದರು.

"ಅಂದ್ರೆ ಕಾರ್ಡು ಯಾರ ಕೈಲೋ ಇದೆ," ಎಂದರು ಚಿದಾನಂದ್. "ಸರಿ. ಈ ನಾಲ್ಕನೇದರಲ್ಲಿ ಏನು ಕತ್ತರಿಸಿದ್ರು?"

ಅವಳು ಆ ಫೋಟೋವನ್ನೇ ನೋಡುತ್ತಿದ್ದಳು. ಸಿಮೆಂಟಿನ ನೆಲ, ಕಪ್ಪು ನೀರಿನ ಟ್ಯಾಂಕು, ಆಚೆ ತೆಂಗಿನಮರದ ತಲೆ. ನೆಲದ ಮೇಲೆ ಹಾಸಿದ್ದ ಬಿಳಿ ಪಂಚೆಯ ಒಂದು ತುದಿ ಮಾತ್ರ ಎಡಗಡೆಯಿಂದ ಒಳಗೆ ಬಂದಿತ್ತು. ಅದರ ಮೇಲೆ ಸಂಡಿಗೆ.

ಕ್ಯಾಮರಾ ದೊಡ್ಡ ಫೋಟೋದ ಜೊತೆಗೇ ಅದರದೇ ಒಂದು ಪುಟ್ಟ ಪ್ರತಿಯನ್ನೂ ಒಳಗೆ ಇಟ್ಟಿರುತ್ತದೆ. ಪಟ್ಟಿಯಲ್ಲಿ ಸಾಲಾಗಿ ತೋರಿಸಲು ಬೇಕಾಗುವ ಥಂಬ್‌ನೇಲ್. ಒಳ್ಳೆಯ ಸಾಫ್ಟ್‌ವೇರಿನಲ್ಲಿ ಕತ್ತರಿಸಿದರೆ ಅದೂ ಹೊಸದಾಗುತ್ತದೆ. ಮೊಬೈಲಿನ ಕೆಲವು ಆ್ಯಪ್‌ಗಳು ದೊಡ್ಡದನ್ನು ಮಾತ್ರ ಕತ್ತರಿಸಿ ಒಳಗಿನ ಪುಟ್ಟ ಪ್ರತಿಯನ್ನು ಮರೆತುಬಿಡುತ್ತವೆ. ಒಮ್ಮೆ ಯಾವುದೋ ಮನೆಯ ಫೋಟೋದಲ್ಲಿ ಅವಳಿಗೆ ಹೀಗೇ ಆಗಿ, ಕತ್ತರಿಸಿ ತೆಗೆದ ಕೊಳಕು ಬಕೆಟ್ಟು ಸೈಟಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತ್ತು.

ಅವಳು ಆ ಪುಟ್ಟ ಪ್ರತಿಯನ್ನು ಬೇರೆ ಮಾಡಿ ತೆಗೆದಳು. ಅಂಚೆಚೀಟಿಯಷ್ಟೇ ಇರುವ ಚಿತ್ರ. ದೊಡ್ಡದು ಮಾಡಿದರೆ ಒಡೆದು ಚೌಕ ಚೌಕವಾಗುತ್ತಿತ್ತು. ಆದರೂ ಎಡಗಡೆ ಏನಿದೆಯೆಂದು ತಿಳಿಯುತ್ತಿತ್ತು.

ಎಡಗಡೆ ಗೋಡೆಯಿತ್ತು. ಎದೆಮಟ್ಟದ, ಸುಣ್ಣ ಮಾಸಿದ ಪ್ಯಾರಾಪೆಟ್ ಗೋಡೆ, ಈ ತುದಿಯಿಂದ ಆ ತುದಿಯವರೆಗೆ. ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಹಸಿರು ಸೀರೆಯ ಹೆಂಗಸೊಬ್ಬಳು ಕೂತಿದ್ದಳು.

ಚಿದಾನಂದ್ ಮೊಣಕಾಲು ಹಿಡಿದುಕೊಂಡು ಎದ್ದು ಪರದೆಯ ಹತ್ತಿರಕ್ಕೆ ಬಂದರು.

"ರಿಪೇರಿಗೆ ಅಂತ ಹಿಂದಿನ ವಾರವೇ ಆ ಗೋಡೆ ಒಡೆಸಿದ್ವಿ ಅಂತ ಬೈರಣ್ಣ ಹೇಳಿಕೆ ಕೊಟ್ಟಿದಾನೆ," ಎಂದರು. "ಮನೆ ಹೆಂಗಸರು ಯಾರೂ ಅವತ್ತು ಮೇಲಕ್ಕೆ ಹೋಗಿರಲಿಲ್ಲ ಅಂತಲೂ."

ಐಶ್ವರ್ಯ ಪ್ರಿಂಟರ್ ಹಾಕಿದಳು. ಮಹೇಶನಿಗೆ ಕೊಡಬೇಕಾದ ಮೂರು ಫೋಟೋಗಳನ್ನೂ ಅಷ್ಟರಲ್ಲಿ ಸಣ್ಣದು ಮಾಡಿಬಿಟ್ಟಿದ್ದಳು. ಯಾವಾಗ ಮಾಡಿದೆನೆಂದು ಅವಳಿಗೇ ನೆನಪಾಗಲಿಲ್ಲ.

*

ಬೈರಣ್ಣನವರ ಕುಟುಂಬ ಇಟ್ಟಮಡುವಿನ ಹಳಬರು. ಬಡಾವಣೆಯ ಮೂರನೇ ಹಂತಕ್ಕೆ ಹೋಗುವ ರಸ್ತೆಯವರೆಗೂ ಒಂದು ಕಾಲಕ್ಕೆ ಅವರ ಹೊಲವೇ. ಈಗ ಅದರ ಮೇಲೆಲ್ಲ ಮನೆಗಳು, ಆ ಮನೆಗಳಲ್ಲಿ ಬಾಡಿಗೆಯವರು. ತಾವು ಮಾತ್ರ ಆ ಮೂರು ಮಹಡಿಯ ಕಟ್ಟಡದ ನೆಲಮಾಳಿಗೆಯ ಮೇಲಿನ ಮೊದಲ ಮನೆಯಲ್ಲಿದ್ದರು. ಭೋಗ್ಯಕ್ಕೆ ಇಟ್ಟದ್ದು ತಾರಸಿಗೆ ತಾಗಿದ ಮೇಲಿನ ಮನೆ.

ಚಿದಾನಂದ್ ಸ್ಕೂಟರನ್ನು ಎದುರಿನ ಹೊಂಗೆಮರದಡಿ ನಿಲ್ಲಿಸಿದರು. ಐಶ್ವರ್ಯ ಇಳಿದು ಕಟ್ಟಡದ ಪಕ್ಕದ ಸಂದಿಯತ್ತ ನೋಡಿದಳು. ಒಬ್ಬ ಮನುಷ್ಯ ಅಡ್ಡಡ್ಡ ನಡೆದರೆ ಹಿಡಿಸುವಷ್ಟು ಜಾಗ. ಚೈತನ್ಯ ಸಿಕ್ಕಿದ್ದು ಅಲ್ಲಿ, ಬೆಳಗ್ಗೆ. ಈಗ ಅಲ್ಲಿ ಹಳೆಯ ಕಿಟಕಿ ಚೌಕಟ್ಟುಗಳನ್ನು ಒರಗಿಸಿದ್ದರು. ಅವಳು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಬೈರಣ್ಣ ಒಳ್ಳೆಯ ಮಾತಿನಿಂದಲೇ ಬರಮಾಡಿಕೊಂಡರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಹೆಗಲ ಮೇಲೊಂದು ಟವೆಲ್. ಆಗಬಾರದ್ದು ಆಗಿಹೋಯಿತು, ನಮ್ಮ ಮನೆಯ ಹುಡುಗನೇ ಹೋದಂಗಾಯ್ತು ಎಂದು ಎರಡೆರಡು ಸಲ ಹೇಳಿದರು. ಮಗ ರೇವಂತನನ್ನು ಕೂಗಿದರು. ಕಾಫಿಗೆ ಹೇಳಿದರು.

ರೇವಂತ್ ಬಂದು ಸೋಫಾದ ಕೈಯ ಮೇಲೆ ಕೂತ. ಮೂವತ್ತರ ಆಸುಪಾಸು. ಮೊಬೈಲು ಕೈಯಲ್ಲೇ ಇತ್ತು.

ಲಿಸ್ಟಿಂಗ್ ಹಾಕಿದ್ದು ನೀವೇನಾ ಎಂದು ಚಿದಾನಂದ್ ಕೇಳಿದರು. ಹೌದೆಂದ. ಫೋಟೋ ಯಾರು ತೆಗೆದದ್ದು ಎಂದರು.

"ನಾನೇ ಸಾರ್. ಮೊಬೈಲಲ್ಲಿ."

ಚಿದಾನಂದ್ ಡಬ್ಬಿಯ ವಿಷಯ ಹೇಳಿದರು. ಕ್ಯಾಮರಾದ ನಂಬರು ಫೋಟೋದ ಒಳಗೇ ಇದೆ ಎಂದರು. ದನಿ ಏರಿಸಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವವರ ಹಾಗಿತ್ತು.

ರೇವಂತ್ ಅಪ್ಪನ ಕಡೆ ನೋಡಿದ. "ಆ್ಯಕ್ಚುಲಿ... ಅವ್ರೇ ಕಳಿಸಿದ್ರು ಸಾರ್. ಅವತ್ತು ಸಾಯಂಕಾಲ, ವಾಟ್ಸಾಪಲ್ಲಿ. ಸತ್ತೋರು ತೆಗ್ದಿದ್ದು ಅಂದ್ರೆ ಯಾರೂ ಮನೆ ತಗೊಳಲ್ಲ ಅಂತ ಹಂಗಂದೆ."

"ವಾಟ್ಸಾಪಲ್ಲಿ ಫೋಟೋ ಕಳಿಸಿದ್ರೆ ಅದು ಚಿಕ್ಕದಾಗೋಗತ್ತೆ," ಎಂದಳು ಐಶ್ವರ್ಯ. ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು. "ಕ್ಯಾಮರಾ ನಂಬರೂ ಉಳಿಯಲ್ಲ. ಇವು ಕಾರ್ಡಿಂದ ನೇರ ಬಂದಿರೋವು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ರೇವಂತನಿಗೆ ಕಷ್ಟವಾದಂತಿತ್ತು. ಕೂಗಾಡಿದ್ದರೆ ಅವನೂ ಕೂಗಾಡುತ್ತಿದ್ದ. ಅವನು ಎದ್ದು ಫ್ಯಾನಿನ ಸ್ವಿಚ್ ಹಾಕಿ ಬಂದು ಮತ್ತೆ ಕೂತ.

ಚಿದಾನಂದ್ ಚೀಲದಿಂದ ಪ್ರಿಂಟ್ ತೆಗೆದು ಟೀಪಾಯಿಯ ಮೇಲಿಟ್ಟರು. ಪಕ್ಕದಲ್ಲೇ ವೆಬ್‌ಸೈಟಿನಲ್ಲಿದ್ದ ಚೌಕದ ಫೋಟೋವನ್ನೂ ಇಟ್ಟರು. ಎರಡರಲ್ಲೂ ಅದೇ ಟ್ಯಾಂಕು, ಅದೇ ತೆಂಗಿನಮರ. ಒಂದರಲ್ಲಿ ಗೋಡೆಯಿದೆ.

"ಇದು ಅವತ್ತಿನದು ಬೈರಣ್ಣೋರೆ. ಗೋಡೆ ನಿಂತಿದೆ."

ಬೈರಣ್ಣ ಟವೆಲಿನಿಂದ ಕತ್ತು ಒರೆಸಿಕೊಂಡರು. ಚಿತ್ರ ಮಸುಕಾಗಿದೆ, ಇದು ಹಳೇದಿರಬೇಕು ಎಂದರು. ತಾರೀಖು ಅದರಲ್ಲೇ ಇದೆ ಎಂದು ಚಿದಾನಂದ್ ಹೇಳಿದರು. ತಾರೀಖು ಯಾರು ಬೇಕಾದರೂ ಬರೆಯಬಹುದು ಎಂದು ರೇವಂತ್ ಗೊಣಗಿದ. ಹಾಗಾದರೆ ಕ್ರಾಪ್ ಮಾಡಿದ್ದೇಕೆ ಎಂದು ಚಿದಾನಂದ್ ಕೇಳಿದರು. ಫ್ಯಾನು ಸುತ್ತುತ್ತಿತ್ತು, ಪ್ರಿಂಟಿನ ತುದಿ ಪಟಪಟ ಬಡಿಯುತ್ತಿತ್ತು. ಐಶ್ವರ್ಯ ಅದರ ಮೇಲೆ ಬೆರಳಿಟ್ಟಳು.

"ಒಡೆದದ್ದು ಆಮೇಲೆ," ಎಂದರು ಬೈರಣ್ಣ ಕೊನೆಗೆ.

"ಅಪ್ಪಾ."

"ಸುಮ್ನಿರೋ." ಅವರು ಐಶ್ವರ್ಯಳತ್ತ ನೋಡದೆ ಚಿದಾನಂದ್ ಅವರಿಗೇ ಹೇಳಿದರು. "ಎದೆಮಟ್ಟ ಗೋಡೆ ಸಾರ್. ಅದರ ಮೇಲಿಂದ ಯಾರು ತಾನಾಗೇ ಬೀಳ್ತಾರೆ? ಪೊಲೀಸ್ನೋರು ಬಂದು ನೋಡಿದ್ರೆ ಯಾರೋ ತಳ್ಳಿದ್ರು ಅಂತಾನೇ ಅನ್ನೋರು. ಮನೇಲಿದ್ದೋರು ನಾವೇ. ನನ್ ಮಗನ್ನ ಎಳ್ಕೊಂಡು ಹೋಗೋರು. ಹೆಂಗೂ ಗೋಡೆ ಹಳೇದು, ರಿಪೇರಿಗೆ ಬ್ಲಾಕ್ ತರಿಸಿದ್ದೆ. ರಾತ್ರೋರಾತ್ರಿ ನಾನೂ ಇವನೂ ಸೇರಿ ಕೆಡವಿದ್ವಿ."

ಹಾಗಾದರೆ ಚೈತನ್ಯ ಬಿದ್ದದ್ದು ನಿಮಗೆ ಗೊತ್ತಾದದ್ದು ಬೆಳಗ್ಗೆ ಹೆಣ ಕಂಡಾಗಲ್ಲ ಎಂದು ಚಿದಾನಂದ್ ಹೇಳಿದರು. ಅದು ಪ್ರಶ್ನೆಯಾಗಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಯಾರೋ ನಿಂತಿರುವುದು ಐಶ್ವರ್ಯಳಿಗೆ ಆಗ ಕಂಡಿತು. ಕಾಫಿ ಲೋಟಗಳ ತಟ್ಟೆ ಹಿಡಿದ ಹೆಂಗಸು. ಬೈರಣ್ಣನ ಹೆಂಡತಿ ಲಕ್ಷ್ಮಮ್ಮ. ಅವರು ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಲಕ್ಷ್ಮಮ್ಮ ಬಂದು ತಟ್ಟೆಯನ್ನು ಪ್ರಿಂಟಿನ ಪಕ್ಕ ಇಟ್ಟರು. ಬಾಗಿ ನೋಡಿದರು.

"ನಾನೇ," ಎಂದರು. "ಸಂಡಿಗೆ ಕಾಗೆ ಮುಟ್ತದೆ ಅಂತ ಕಾಯ್ತಾ ಕೂತಿದ್ದೆ. ಫೋಟೋ ತೆಗೆದಾದ ಮ್ಯಾಲೆ ಅರ್ಧಂಬರ್ಧ ಒಣಗಿದ್ದನ್ನೇ ಮಡಚ್ಕೊಂಡು ಕೆಳಗಿಳ್ದೆ. ಆಮ್ಯಾಕೆ ಏನಾಯ್ತೋ ನಾ ಕಾಣೆ."

ಬೈರಣ್ಣ ಹೆಂಡತಿಯ ಹೆಸರು ಹಿಡಿದು ಒಳಗೆ ಹೋಗೆಂದರು. ಅವರು ಹೋಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಗೋಡೆಗೆ ಒರಗಿ ನಿಂತರು.

"ಅಡಿಗೆಮನೆ ಕಿಟಕಿ ಆ ಸಂದಿಗೇ ಐತೆ," ಎಂದರು ಯಾರಿಗೂ ಅಲ್ಲವೆಂಬಂತೆ. "ಮುದ್ದೆ ತೊಳಸ್ತಿದ್ದೆ. ಕೆಳಗೆ ಫೋನು ಹೊಡ್ಕೊಂತಾನೇ ಇತ್ತು. ನಿಲ್ಲೋದು, ಮತ್ತೆ ಹೊಡ್ಕೊಳೋದು. ಇವ್ರಿಗೆ ಹೇಳ್ದೆ. ಟಾರ್ಚ್ ಹಿಡ್ಕೊಂಡು ಹೋಗಿ ನೋಡ್ಕೊಂಡು ಬಂದ್ರು. ಉಸಿರಿಲ್ಲ, ಬಾಯ್ ಮುಚ್ಕೊಂಡಿರು ಅಂದ್ರು. ನಾನು ಮುಚ್ಕೊಂಡಿದ್ದೆ."

ಆ ಫೋನು ಮಾಡಿದ್ದು ಐಶ್ವರ್ಯ. ಪದ್ಮನಾಭನಗರದ ಮನೆಯಲ್ಲಿ ಅನ್ನಕ್ಕಿಟ್ಟು, ಒಲೆಯ ಮುಂದೆ ನಿಂತು, ಎತ್ತುವವರೆಗೂ ಮಾಡುತ್ತಲೇ ಇದ್ದಳು. ಮಾರನೆಯ ದಿನ ಪೊಲೀಸರು ಕೊಟ್ಟ ಅವನ ಫೋನಿನಲ್ಲಿ ಬ್ಯಾಟರಿ ಮುಗಿದಿತ್ತು. ಅದನ್ನು ಅವಳು ಚಾರ್ಜಿಗೂ ಹಾಕಿರಲಿಲ್ಲ.

ಈಗ ಏನಾದರೂ ಆಗಬೇಕು ಎಂದು ಅವಳಿಗೆ ಅನ್ನಿಸಿತು. ಕೋಣೆಯಲ್ಲಿದ್ದವರೆಲ್ಲ ಅದಕ್ಕೇ ಕಾಯುತ್ತಿರುವಂತಿತ್ತು. ಚಿದಾನಂದ್ ಕೂಡ. ಅವಳು ಕಾಫಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಬಿಸಿಯಿತ್ತೋ ತಣ್ಣಗಿತ್ತೋ ನಾಲಿಗೆ ಹೇಳಲಿಲ್ಲ.

ಲಕ್ಷ್ಮಮ್ಮ ಅವಳನ್ನೇ ನೋಡುತ್ತಿದ್ದರು.

"ಈವಮ್ಮ ಯಾರು?" ಎಂದು ಚಿದಾನಂದ್ ಕಡೆ ತಿರುಗಿ ಕೇಳಿದರು.

"ಚೈತನ್ಯ ಅವ್ರ ಹೆಂಡ್ತಿ."

ಲಕ್ಷ್ಮಮ್ಮ ನಿಧಾನವಾಗಿ ತಲೆಯಾಡಿಸಿದರು. ಹತ್ತಿರ ಬಂದು ಮುಖ ನೋಡಿದರು, ಮತ್ತೆ ತಲೆಯಾಡಿಸಿದರು.

"ಅಲ್ಲ ಬುಡಿ ಸ್ವಾಮಿ. ಅವ್ನೆಂಡ್ರು ನಂಗೊತ್ತು. ಅವತ್ತು ಜೊತೇಲೇ ಬಂದಿದ್ಲು. ನನ್ ಮನೆಯವ್ಳು ಅಂತ ಅವ್ನೇ ಹೇಳ್ದ. ಒಳಗೆಲ್ಲಾ ಅವ್ನು ತೆಗ್ದ. ಮೇಲಕ್ಕೆ ಬಂದ್ಮೇಲೆ ಕ್ಯಾಮರಾ ಇಸ್ಕೊಂಡು ಈ ಫೋಟೋ ತೆಗ್ದಿದ್ದು ಅವ್ಳೇಯ. ಅಜ್ಜಿ, ನೀವೂ ಇರಿ, ಚೆನ್ನಾಗಿರತ್ತೆ ಅಂದ್ಲು."

ಚಿದಾನಂದ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಬೈರಣ್ಣನ ಮುಖದಲ್ಲಿ ಅಚ್ಚರಿ ಇತ್ತು, ಅದು ನಟನೆಯಂತೆ ಕಾಣಲಿಲ್ಲ. ರೇವಂತನ ಮುಖದಲ್ಲಿ ಅಚ್ಚರಿ ಇರಲಿಲ್ಲ.

"ಆ ಹೆಂಗಸು ಕೆಳಗಿಳಿದು ಹೋಗಿದ್ದು ನೋಡಿದ್ರಾ?" ಎಂದು ಚಿದಾನಂದ್ ಕೇಳಿದರು.

"ನಾ ಕಾಣೆ. ಆದ್ರೆ ಮೊನ್ನೆ ಬಂದಿದ್ಲಲ್ಲ." ಲಕ್ಷ್ಮಮ್ಮ ಮಗನತ್ತ ಗಲ್ಲ ಎತ್ತಿ ತೋರಿಸಿದರು. "ಗೇಟಿನ ಹತ್ರ ನಿಂತ್ಕೊಂಡು ಇವ್ನ ಕೈಗೆ ಏನೋ ಕೊಟ್ಟೋದ್ಲು. ಫೋಟೋ ಅಂದ. ಅತ್ತೂ ಅತ್ತೂ ಕಣ್ಣು ಊದ್ಕೊಂಡಿತ್ತು ಪಾಪ. ಗಂಡ ಹೋದೋಳು ಅಂತ ನಾನೇ ಒಳಗ್ ಕರ್ದು ಕುಂಕುಮದ ಬಟ್ಟಲು ತೋರಿಸ್ಲೋ ಬ್ಯಾಡ್ವೋ ಅಂತ ಒದ್ದಾಡ್ದೆ."

ರೇವಂತ್ ಎದ್ದ. ಬಾಗಿಲ ಕಡೆ ಹೋಗಲು ಹೊರಟವನು ಚಿದಾನಂದ್ ಅವರ ಚಾಚಿದ ಕಾಲು ನೋಡಿ ಅಲ್ಲೇ ನಿಂತ.

ಐಶ್ವರ್ಯ ಲೋಟವನ್ನು ತಟ್ಟೆಯಲ್ಲಿಟ್ಟಳು. ಕಾಫಿ ತಣ್ಣಗಿತ್ತೆಂದು ಅವಳ ನಾಲಿಗೆಗೆ ಈಗ ತಿಳಿಯಿತು.

"ಹೆಸರು ಏನಂದ್ಲು ಅಮ್ಮ?" ಎಂದು ಕೇಳಿದಳು.

ಲಕ್ಷ್ಮಮ್ಮ ನೆನಪು ಮಾಡಿಕೊಳ್ಳಬೇಕಾಗಲಿಲ್ಲ.

"ಐಶ್ವರ್ಯ," ಎಂದರು. "ಮೊನ್ನೆ ಹೊರಡೋವಾಗ ನಂಗೇ ಹೇಳೋದ್ಲು. ಯಾರಾದ್ರೂ ಬಂದು ಕೇಳುದ್ರೆ ಐಶ್ವರ್ಯ ಬಂದಿದ್ಲು ಅನ್ನಿ, ಅಂತ."